ಸತ್ತವನ ಹೆಸರಿಗೆ ಬಂದ ಮದ್ದು

“ಗಂಡನ ಪಕ್ಕ ಕೂತು ಹರಟೆ ಹೊಡೆದೋರನ್ನೆಲ್ಲ ಕೆಲಸಗಾರರು ಅಂತ ಬರ್ಕೊಂಡ್ರೆ ನಾವು ಬಾಗಿಲು ಮುಚ್ಚಬೇಕಾಗತ್ತೆ ಅಜ್ಜಿ. ನಿಮ್ಮ ಹೆಸರು ಪುಸ್ತಕದಲ್ಲಿ ಇಲ್ಲ. ಇಲ್ಲ ಅಂದ್ರೆ ಇಲ್ಲ. ಏಳಿ.”

ಕಲ್ನಾರು ಗಣಿಯ ಪರಿಹಾರ ಟ್ರಸ್ಟಿನ ಗುಮಾಸ್ತ ಸೆಲಮೊಲೆಲಾ ಹೀಗೆಂದು ಕಂಪ್ಯೂಟರಿನ ಪರದೆಯನ್ನು ಅವಳ ಕಡೆಗೆ ತಿರುಗಿಸಿದ, ಅವಳಿಗೆ ಓದು ಬರುವುದಿಲ್ಲವೆಂದು ಗೊತ್ತಿದ್ದೂ. ಹುನಾಡಿ ಏಳಲಿಲ್ಲ. ಎದ್ದು ಮತ್ತೆ ಕೂರುವಷ್ಟು ಉಸಿರು ಅವಳಲ್ಲಿ ಇರಲಿಲ್ಲ. ಎಡಗೈಯನ್ನು ಮೇಜಿನ ಮೇಲಿಟ್ಟಳು. ಹೆಬ್ಬೆರಳಿನ ತುದಿ ಚಪ್ಪಟೆಯಾಗಿ, ಉಗುರು ಇದ್ದ ಜಾಗದಲ್ಲಿ ಕರಿ ಗಂಟು ಉಳಿದಿತ್ತು.

“ಇದು ಹರಟೆ ಹೊಡ್ದು ಆಗಿದ್ದೇನಪ್ಪ? ಮದ್ವೆಯಾಗಿ ಬಂದ್ ವರ್ಸಾನೇ ಸುತ್ತಿಗೆ ಹಿಡ್ದೆ. ಹದ್ನಾಕು ವರ್ಸ ಕಲ್ಲು ಕುಟ್ಟಿ ನಾರು ಬಿಡ್ಸಿವ್ನಿ. ಈ ಕೈಲಿ ಕಲ್ಲು, ಆ ಕೈಲಿ ಸುತ್ತಿಗೆ, ಬೆನ್ನಾಗೆ ಕೂಸು.”

“ಮೂಟೆ ಯಾರ ನಂಬರಿಗೆ ಹೋಗ್ತಿತ್ತು?”

“ನನ್ ಗಂಡ ಲೆಸಿಬಾಂದು. ಎರಡ್ಸಾವ್ರದ ಇನ್ನೂರ ಹದ್ನೇಳು.”

“ನೋಡಿ, ನೀವೇ ಹೇಳಿದ್ರಿ. ಕೆಲಸ ಮಾಡಿದ್ದು ಲೆಸಿಬಾ.”

“ಅವ್ನು ಗಣಿ ಒಳಗಿದ್ನಲ್ಲಪ್ಪ! ಒಳಗಿರೋನು ಹೊರಗ್ ಕೂತು ಎಂಗ್ ಕುಟ್ಟಾನು? ಅವ್ನಿಗೇನು ನಾಕು ಕೈ ಇದ್ವಾ?”

ಹಿಂದೆ ಸಾಲಿನಲ್ಲಿ ನಿಂತಿದ್ದ ಹೆಂಗಸರು ನಕ್ಕರು. ಎಲ್ಲರೂ ಅವಳ ಹಾಗೆಯೇ ಲೆಕ್ಕಕ್ಕೆ ಸಿಗದ ಹೆಂಗಸರು. ನಗು ಹುನಾಡಿಗೂ ಬಂತು, ಬಂದದ್ದು ಕೆಮ್ಮಾಯಿತು. ಮೇಜಿನ ಅಂಚನ್ನು ಹಿಡಿದು ಬಗ್ಗಿ ಕೆಮ್ಮಿದಳು. ಸೆಲಮೊಲೆಲಾ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಫೈಲಿನಿಂದ ಮೂಗು ಮುಚ್ಚಿಕೊಂಡ.

“ಮೂಗ್ ಮುಚ್ಕತಾನೆ ನೋಡು ಬೋಳಿಮಗ,” ಎಂದಳು ಹುನಾಡಿಯ ಗಂಡನ ಅಕ್ಕ ಮೊಸಿಬುಡಿ. ಎಪ್ಪತ್ತೆಂಟು ವರ್ಷದ ಆ ಮುದುಕಿಗೆ ಬೈಗುಳವೇ ಊರುಗೋಲು. “ನಿಮ್ಮವ್ವ ನಿನ್ನ ನಾರಿನ್ ಮೂಟೆ ಮ್ಯಾಲೆ ಮಲಗ್ಸಿ ಕುಟ್ತಿದ್ಲು ಕಣ್ಲಾ. ಅಂಟೋದಿದ್ರೆ ನಿಂಗೆ ಆವತ್ತೇ ಅಂಟಿರ್ತದೆ.”

ಸೆಲಮೊಲೆಲಾ ದನಿ ಏರಿಸಲಿಲ್ಲ. “ಒಂದು ದಾರಿ ಇದೆ. ಸತ್ತ ಮೇಲೆ ಶ್ವಾಸಕೋಶ ತೆಗೆದು ಜೋಹಾನ್ಸ್‌ಬರ್ಗಿಗೆ ಕಳಿಸ್ತೀವಲ್ಲ, ಅದರಲ್ಲಿ ನಾರು ಸಿಕ್ಕಿದ್ರೆ ಪುಸ್ತಕದಲ್ಲಿ ಹೆಸರಿಲ್ಲದಿದ್ರೂ ಕೆಲಸಗಾರ್ತಿ ಅಂತ ಒಪ್ಕೋತೀವಿ. ಆಗ ಬನ್ನಿ.”

“ಸತ್ ಮ್ಯಾಲೆ ಬರ್ಲಾ?”

“ನಿಮ್ಮ ಮಗಳು ಬರ್ಲಿ. ಮುಂದಿನವರು ಯಾರು?”

*

ರೋಗದ ಹೆಸರು ಹೇಳಿದ್ದು ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ. ಮೆಸೋಥೆಲಿಯೋಮಾ. ಲೆಪೆಲ್ಲೆ ಹೊಳೆಯ ಮೇಲಿನ ಬೆಟ್ಟದೂರುಗಳಲ್ಲಿ ಆ ಹೆಸರು ನಾಲಿಗೆ ತೊಡರದೆ ಹೇಳಲು ಎಲ್ಲರಿಗೂ ಬರುತ್ತದೆ. ಗಣಿ ಮುಚ್ಚಿ ನಲವತ್ತು ವರ್ಷ ಕಳೆದರೂ ಅದು ಮನೆಮನೆಗೆ ಸರದಿಯ ಮೇಲೆ ಬರುತ್ತಲೇ ಇತ್ತು. ಕಲ್ನಾರಿನ ಧೂಳು ಎದೆಯೊಳಗೆ ಹೊಕ್ಕು ಅಲ್ಲೇ ಸುಮ್ಮನೆ ಕೂತಿದ್ದು, ಮೊಮ್ಮಕ್ಕಳು ಹುಟ್ಟುವ ಹೊತ್ತಿಗೆ ಏಳುತ್ತದೆ.

“ಕೊಯ್ದು ತೆಗೆಯೋಕಾಗಲ್ಲ ಅಮ್ಮ, ಎದೆಯ ಪೊರೆಗೆಲ್ಲ ಹಬ್ಬಿದೆ,” ಎಂದಿದ್ದಳು ಡಾಕ್ಟರಮ್ಮ. “ಆದ್ರೆ ಈಗ ಬೇರೆ ಮದ್ದು ಬಂದಿದೆ. ಇಮ್ಯುನೋಥೆರಪಿ ಅಂತ. ನಮ್ಮ ಮೈಯಲ್ಲೇ ಕಾವಲುಗಾರರು ಇರ್ತಾರೆ. ಈ ಗಡ್ಡೆ ಅವರ ಕಿವೀಲಿ ಏನೋ ಊದಿ ಮಲಗಿಸಿಬಿಟ್ಟಿದೆ. ಮದ್ದು ಹೋಗಿ ಅವರನ್ನ ಎಬ್ಬಿಸತ್ತೆ. ಎದ್ದವರು ತಾವೇ ಗಡ್ಡೆ ಮೇಲೆ ಬೀಳ್ತಾರೆ.”

“ಎದ್ದೋರು ಮನೆಯೋರ್ಗೇ ಬಡುದ್ರೆ?”

ಡಾಕ್ಟರಮ್ಮ ಆಶ್ಚರ್ಯದಿಂದ ಅವಳನ್ನು ನೋಡಿದಳು. “ಬಡೀಬಹುದು. ಕೆಲವರಿಗೆ ಮೈ ಕಡಿತ ಬರತ್ತೆ, ಭೇದಿ ಹಿಡಿಯತ್ತೆ, ಲಿವರ್ ಕೆಡಬಹುದು. ನೋಡ್ಕೊಂಡು ಕೊಡಬೇಕು. ಎಲ್ಲರಿಗೂ ಹತ್ತೋದೂ ಇಲ್ಲ. ಹತ್ತಿದವರು ವರ್ಷ, ಎರಡು ವರ್ಷ, ಕೆಲವರು ಇನ್ನೂ ಜಾಸ್ತಿ ಬದುಕಿದ್ದಾರೆ.”

“ಆ ಮದ್ದು ಇಲ್ದಿದ್ರೆ?”

ಡಾಕ್ಟರಮ್ಮ ಮದ್ದಿನ ಹೆಸರನ್ನು ಚೀಟಿಯಲ್ಲಿ ಬರೆಯುತ್ತಾ, ಆ ಮದ್ದು ನಮ್ಮಲ್ಲಿ ಇಲ್ಲ, ಪೊಲೊಕ್ವಾನೆಯ ಖಾಸಗಿ ಕ್ಲಿನಿಕ್ಕಿನಲ್ಲಿದೆ, ಗಣಿ ಕಂಪನಿ ಕೋರ್ಟಿನಲ್ಲಿ ಸೋತ ಮೇಲೆ ಮಾಡಿದ ಟ್ರಸ್ಟು ಅದನ್ನು ಕೊಡಿಸುತ್ತದೆ, ಪುಸ್ತಕದಲ್ಲಿ ಹೆಸರಿದ್ದವರಿಗೆ, ಎಂದಳು.

ಹುನಾಡಿಗೆ ಸಾವಿನ ಭಯ ಅಷ್ಟಿರಲಿಲ್ಲ. ಲೆಸಿಬಾ ಸತ್ತ ಹಾಗೆ ಸಾಯುವ ಭಯವಿತ್ತು. ಅವನು ಒಂಬತ್ತು ತಿಂಗಳು ಮಲಗಲಿಲ್ಲ. ನೆಲಕ್ಕೆ ಮಂಡಿಯೂರಿ ಮಂಚದ ಮೇಲೆ ಎದೆಯಿಟ್ಟು, ಪ್ರಾರ್ಥನೆ ಮಾಡುವವನಂತೆ ಹಗಲೂ ರಾತ್ರಿ ಉಸಿರಿಗೆ ಗುದ್ದಾಡಿದ. ಕೊನೆಗೆ ಅವಳ ಹೆಸರನ್ನು ಪೂರ್ತಿ ಕರೆಯುವಷ್ಟು ಗಾಳಿಯೂ ಅವನಲ್ಲಿ ಇರಲಿಲ್ಲ. ‘ಹು’ ಎಂದು ನಿಲ್ಲಿಸುತ್ತಿದ್ದ. ಇದಲ್ಲದೆ ಇನ್ನೊಂದು ಸಂಗತಿಯೂ ಇತ್ತು, ಅದನ್ನು ಯಾರಿಗೂ ಹೇಳಲು ಅವಳಿಗೆ ನಾಚಿಕೆ. ಅರವತ್ತೆಂಟು ವರ್ಷವಾಗಿದ್ದರೂ ಅವಳಿಗೆ ಬದುಕುವ ಆಸೆಯಿತ್ತು. ಇನ್ನೂ ಒಂದೆರಡು ಬೆಳೆ ಜೋಳ ಬಿತ್ತುವ, ಒಲೆಯ ಮುಂದೆ ಕೂತು ಮೊರೋಗೊ ಸೊಪ್ಪು ಬೇಯಿಸುವ, ಮೊಸಿಬುಡಿಯ ಬೈಗುಳ ಕೇಳುವ ಕೆಟ್ಟ ಆಸೆ.

*

ಲೆಸಿಬಾ ಸತ್ತು ಹನ್ನೊಂದು ವರ್ಷ. ಸತ್ತ ದಿನ ಒಂದು ಕಾಗದ ತಂದರು. ಎದೆಯೊಳಗಿನದನ್ನು ಕಳಿಸಿದರೆ ರೋಗ ಗಣಿಯದೆಂದು ಸಾಬೀತಾಗುತ್ತದೆ ಎಂದರು. ಹುನಾಡಿ ತನ್ನ ಚಪ್ಪಟೆ ಹೆಬ್ಬೆರಳನ್ನು ಒತ್ತಿದಳು. ಶ್ವಾಸಕೋಶವನ್ನೂ ಹೃದಯವನ್ನೂ ಬಿಳಿ ಡಬ್ಬಿಯಲ್ಲಿಟ್ಟು ಗಾಡಿಗೆ ಹಾಕಿದರು. ಉಳಿದವನನ್ನು ಕತ್ತಿನಿಂದ ಹೊಕ್ಕುಳವರೆಗೆ ಹೊಲಿದು ಅವಳಿಗೆ ಕೊಟ್ಟರು. ಅವನನ್ನು ಹಾಗೆಯೇ ಮಣ್ಣು ಮಾಡಿದರು.

ಒಂಬತ್ತನೆಯ ದಿನದಿಂದ ಅವನು ಬರತೊಡಗಿದ. ಮಧ್ಯಾಹ್ನ ಮೂರು ಗಂಟೆಗೆ, ಹಿಂದೆ ಗಣಿಯ ಸೈರನ್ ಕೂಗುತ್ತಿದ್ದ ಹೊತ್ತಿಗೆ, ಹೊಸ್ತಿಲಲ್ಲಿ ಬಂದು ನಿಲ್ಲುತ್ತಿದ್ದ. ಬಾಯಿ ತೆರೆದು ಮುಚ್ಚುತ್ತಿದ್ದ. ದನಿ ಬರುತ್ತಿರಲಿಲ್ಲ. ಎದೆ ಏಳುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಹುನಾಡಿ ಮೊದಮೊದಲು ಕಿರುಚಿದಳು, ಆಮೇಲೆ ಅತ್ತಳು, ಕೊನೆಗೆ ಅವನಿಗೊಂದು ಮಣೆ ಹಾಕಿಟ್ಟಳು. ಅವನು ಕೂರಲಿಲ್ಲ.

“ಉಸ್ರು ಬುಟ್ಟು ಬಂದವ್ನೆ, ಎಂಗ್ ಕೂತಾನು,” ಎಂದಿದ್ದಳು ಮೊಸಿಬುಡಿ. ಅವಳಿಗೆ ತಮ್ಮ ಕಾಣಿಸುತ್ತಿರಲಿಲ್ಲ, ಆದರೆ ಅನುಮಾನವೂ ಇರಲಿಲ್ಲ. “ಮೊಕ್ಗಾಲೊ ಕೊಂಬೆ ತಕ್ಕೊಂಡೋಗಿ ಕರ್ಕೊಂಡ್ ಬರ್ಬೇಕು.”

ದೂರದಲ್ಲಿ ಸತ್ತವರನ್ನು ಹಾಗೆಯೇ ಕರೆತರುವುದು. ಮೊಕ್ಗಾಲೊ ಮುಳ್ಳಿನ ಮರದ ಕೊಂಬೆಯನ್ನು ಸತ್ತ ಜಾಗಕ್ಕೆ ಒಯ್ದು, ಬಾ ಎಂದು ಕರೆದರೆ ಅವರು ಅದರ ಮೇಲೆ ಬಂದು ಕೂರುತ್ತಾರೆ. ಹಿಡಿದವರು ದಾರಿಯುದ್ದಕ್ಕೂ ಸತ್ತವರ ಜೊತೆ ಬಿಟ್ಟು ಯಾರ ಜೊತೆಗೂ ಮಾತಾಡಕೂಡದು. ‘ಮನೆ ಬಂತು, ಇಳಿ’ ಎಂದು ಹೇಳುವವರೆಗೆ ಬೇರೆಯವರು ಆ ಕೊಂಬೆಯನ್ನು ಮುಟ್ಟಕೂಡದು. ಮುಟ್ಟಿದವರ ಬೆನ್ನು ಹತ್ತುತ್ತಾರೆ. ಆದರೆ ಶ್ವಾಸಕೋಶ ಇದ್ದದ್ದು ಜೋಹಾನ್ಸ್‌ಬರ್ಗಿನ ಯಾವುದೋ ದೊಡ್ಡ ಕಟ್ಟಡದಲ್ಲಿ. ಒಮ್ಮೆ ಹೋಗಿದ್ದರು. ಗೇಟಿನಲ್ಲಿದ್ದವನು, “ಯಾವ ಜಾಡಿ? ಒಳಗೆ ಸಾವಿರಾರಿದೆ. ಚೀಟಿ ಇದೆಯಾ?” ಎಂದ. ಕೊಂಬೆ ಕೈಯಲ್ಲೇ ಒಣಗಿತು. ಅವಳು ವಾಪಸು ಬಂದ ಮಧ್ಯಾಹ್ನವೂ ಲೆಸಿಬಾ ಹೊಸ್ತಿಲಲ್ಲಿ ನಿಂತಿದ್ದ, ಬಾಯಿ ತೆರೆದುಕೊಂಡು.

*

ಗುಮಾಸ್ತ ಎಬ್ಬಿಸಿ ಕಳಿಸಿದ ಐದನೆಯ ವಾರ ಟ್ರಸ್ಟಿನಿಂದ ಕಾಗದ ಬಂತು. ಮಗಳು ಫೆಲಾಡಿ ಶಾಲೆಯ ಅಡಿಗೆಮನೆಯ ಕೆಲಸ ಮುಗಿಸಿ ಬಂದು, ಕೈ ಒರೆಸಿಕೊಂಡು ಓದಿದಳು.

“‘ಪ್ರಿಯ ಶ್ರೀ ಲೆಸಿಬಾ, ನೌಕರ ಸಂಖ್ಯೆ 2217. ನಿಮ್ಮ ಅಂಗಾಂಶ ಪರೀಕ್ಷೆಯಲ್ಲಿ ಮೆಸೋಥೆಲಿಯೋಮಾ ದೃಢಪಟ್ಟಿರುವುದರಿಂದ ನಿಮಗೆ ಇಮ್ಯುನೋಥೆರಪಿ ಚಿಕಿತ್ಸೆ ಮಂಜೂರಾಗಿದೆ. ಈ ಕೆಳಗಿನ ದಿನಾಂಕದಂದು ತಾವು ಖುದ್ದಾಗಿ ಹಾಜರಾಗತಕ್ಕದ್ದು.’” ಫೆಲಾಡಿಯ ದನಿ ಸಣ್ಣದಾಯಿತು. “ಅವ್ವಾ, ಅಪ್ಪಂಗೆ ಮದ್ದು ಕೊಡ್ತಾರಂತೆ.”

ಮೊಸಿಬುಡಿ ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ಅವಳಿಗೇ ತಿಳಿಯಲಿಲ್ಲ. “ಎದೆ ಬಗೆದು ಒಳಗಿಂದು ತಕ್ಕೊಂಡೋಗಿ ಹನ್ನೊಂದು ವರ್ಸ ಆದ್ ಮ್ಯಾಲೆ, ಬಾರಪ್ಪ ನಿನ್ ಎದೆಗೆ ಮದ್ದು ಆಕ್ತೀವಿ ಅಂತಾರಲ್ಲ! ಮುಂಡೇಗಂಡ್ರು ಆಕೋದೆಲ್ಲಿಗೆ?”

“ಫೋನಲ್ಲೂ ಬಂದದೆ,” ಎಂದಳು ಫೆಲಾಡಿ. “ಬರೋದಾದ್ರೆ ಒಂದು ಒತ್ತಿ ಅಂತ. ನಾಳೆ ಹೋಗಿ ಹೇಳ್ಬುಡ್ತೀನಿ, ಸತ್ತೋಗವ್ರೆ ಅಂತ.”

ಹುನಾಡಿ ನಗಲೂ ಇಲ್ಲ, ಅಳಲೂ ಇಲ್ಲ. ಎದ್ದು ಮೂಲೆಯ ಪೆಟ್ಟಿಗೆಯಿಂದ ಹಿತ್ತಾಳೆಯ ಬಿಲ್ಲೆಯೊಂದನ್ನು ತೆಗೆದಳು. ಅದರ ಮೇಲೆ 2217 ಎಂದು ಕೆತ್ತಿತ್ತು. ಓದು ಬಾರದಿದ್ದರೂ ಆ ನಾಲ್ಕು ಅಂಕಿಗಳು ಅವಳಿಗೆ ಗೊತ್ತು.

ಲೆಸಿಬಾ ಬೆಳಗ್ಗೆ ಗಣಿಗೆ ಇಳಿಯುವಾಗ ಬಿಲ್ಲೆಯನ್ನು ಅವಳ ಕೊರಳಿಗೆ ಹಾಕುತ್ತಿದ್ದ. ಸಂಜೆ ಮೂಟೆ ಒಪ್ಪಿಸುವಾಗ ಮೇಸ್ತ್ರಿ ಮುಖ ನೋಡುತ್ತಿರಲಿಲ್ಲ, ಬಿಲ್ಲೆ ನೋಡುತ್ತಿದ್ದ. ಒಮ್ಮೆ ಅವಳು ತನ್ನ ಹೆಸರನ್ನೂ ಬರೆದುಕೊಳ್ಳಿ ಎಂದಿದ್ದಳು. ಮೇಸ್ತ್ರಿ ಮೂಟೆಯನ್ನು ಬೂಟುಗಾಲಿನಿಂದ ಒದ್ದು ಚೆಲ್ಲಾಡಿ, “ಹೆಂಗಸಿಗೆ ನಂಬರಿಲ್ಲ. ಬಳಿದು ತುಂಬು” ಎಂದಿದ್ದ. ನೀಲಿ ನಾರು ಗಾಳಿಯಲ್ಲಿ ತೇಲಿತ್ತು. ಬೆನ್ನ ಮೇಲಿದ್ದ ಕೂಸು ಸೀನಿತ್ತು. ಅವಳು ಅಂಗೈಯಿಂದ ಬಳಿದು ತುಂಬಿದ್ದಳು. ಅದಾದ ಮೇಲೆ, “ಎರಡು ಸಾವಿರದ ಇನ್ನೂರ ಹದಿನೇಳು!” ಎಂದು ಕೂಗಿದಾಗಲೆಲ್ಲ “ಬಂದೆ ಬಾಸ್” ಎಂದು ಓಡಿದಳು. ಹಾಗೆ ಹದಿನಾಲ್ಕು ವರ್ಷ.

“ಅದ್ನ ಇಲ್ ಕೊಡು,” ಎಂದು ಮಗಳ ಫೋನು ಇಸಿದುಕೊಂಡಳು. “ಒಂದು ಎಲ್ಲೈತೆ?”

ಫೆಲಾಡಿ ತೋರಿಸಿದಳು. ಹುನಾಡಿ ಚಪ್ಪಟೆ ಹೆಬ್ಬೆರಳಿನಿಂದ ಒತ್ತಿದಳು.

“ಅಕ್ಕಾ, ಕೊಂಬೆ ಕಡ್ಸು. ಅವ್ನ ಕರೆದವ್ರೆ. ಕರ್ಕೊಂಡೋಯ್ತೀನಿ.”

ಮೊಸಿಬುಡಿ ಅಂಗೈಯಿಂದ ಕಣ್ಣೊರೆಸಿಕೊಂಡಳು. “ಕೊಂಬೆ ಇರೋದು ಮನೆಗ್ ಕರ್ಕೊಂಡ್ ಬರಾಕೆ ಕಣೆ. ಮನೆಯಿಂದ ಆಚಿಕ್ ಕರ್ಕೊಂಡೋಗಾಕಲ್ಲ. ಇದು ತಿರುಗಾಮುರುಗಾ ಆಯ್ತದೆ.”

“ನಂದೆಲ್ಲ ತಿರುಗಾಮುರುಗಾನೆ ಅಲ್ವಾ.”

ಸೊಂಟದ ಮೇಲೆ ಕೈಯಿಟ್ಟು ಮೊಸಿಬುಡಿ ಎದ್ದಳು. ಸತ್ತವರ ಕೆಲಸದಲ್ಲಿ ಮನೆಯ ಹೆಣ್ಣುಮಗಳದೇ ಕೊನೆಯ ಮಾತು. “ಕತ್ತಿ ಎಲ್ಲೈತೆ? ನನ್ ತಮ್ಮ ಖಾಲಿ ಎದೇಲಿ ನಿಂತವ್ನೆ. ಅವ್ನ ಮದ್ದು ಅವ್ನಿಗೇ ಸೇರ್ಲಿ. ನಾನೂ ಬತ್ತೀನಿ, ನಿನ್ ಬಾಯಿ ಕಟ್ಟಿರ್ತದಲ್ಲ, ಬೈಯಾಕೆ ಒಬ್ರು ಬೇಕು.”

*

ಹೊರಡುವ ಬೆಳಗ್ಗೆ ಮೊಸಿಬುಡಿ ಹೊಸ್ತಿಲಲ್ಲಿ ಕೊಂಬೆಯಿಟ್ಟು ಅವರ ಕುಲದ ಹೆಸರು ಹಿಡಿದು, “ನೋಕೋ, ಮುಳ್ಳಂದಿಯ ಮಗನೆ, ಏಳು. ನಿನ್ನ ಪಟ್ಣದಲ್ಲಿ ಕರೆದವ್ರೆ” ಎಂದಳು. ಹುನಾಡಿ ಬಿಲ್ಲೆಯನ್ನು ಕೊಂಬೆಗೆ ಕಟ್ಟಿ, ಅದನ್ನು ಎತ್ತಿಕೊಂಡಳು. ಎತ್ತುವಾಗ ಕೊಂಬೆ ಹಗುರವಾಗಿತ್ತು. ಅಂಗಳ ದಾಟುವಾಗ ಭಾರವಾಯಿತು. ಹಿಂದಿರುಗಿ ನೋಡಬಾರದೆಂದು ಅವಳು ನೋಡಲಿಲ್ಲ.

ಬಾಡಿಗೆ ವ್ಯಾನಿನಲ್ಲಿ ಮೂರು ಜನಕ್ಕೆ ನಾಲ್ಕು ಸೀಟು ಹಿಡಿದರು. ಡ್ರೈವರು ಕೊಂಬೆ ನೋಡಿದ್ದೇ ಹಾಡು ನಿಲ್ಲಿಸಿದ. ಟೋಪಿ ತೆಗೆದು, ಖಾಲಿ ಸೀಟಿಗೆ, “ಬನ್ನಿ ಅಪ್ಪಾಜಿ, ಕೂತ್ಕಳಿ” ಎಂದ. ಕೋಳಿ ಹಿಡಿದು ಕೂತಿದ್ದ ಹೆಂಗಸೊಬ್ಬಳು ಕೋಳಿಯ ಬಾಯಿ ಮುಚ್ಚಿದಳು. ನೂರ ಮೂವತ್ತು ಕಿಲೋಮೀಟರು ವ್ಯಾನಿನಲ್ಲಿ ಹುನಾಡಿಯ ದನಿ ಬಿಟ್ಟು ಬೇರೆ ದನಿಯಿರಲಿಲ್ಲ.

“ನೋಕೋ, ಹೊಳೆ ದಾಟ್ತಾ ಇವ್ನಿ. ನೋಕೋ, ಇದು ನೀಲಿ ಗುಡ್ಡೆ, ನಾವು ಸುರ್ದಿದ್ದು, ಇನ್ನೂ ಅಂಗೇ ಅದೆ, ಮಕ್ಳು ಜಾರ್ತಾ ಅವ್ರೆ. ನೋಕೋ, ದಿಬ್ಬ ಹತ್ತುತಾ ಇವ್ನಿ, ಗಟ್ಟಿಯಾಗ್ ಕೂತ್ಕೊ.”

ಒಂದೊಂದು ಮಾತಿಗೂ ಅವಳು ನಿಂತು ಗಾಳಿ ಎಳೆದುಕೊಳ್ಳುತ್ತಿದ್ದಳು. ಫೆಲಾಡಿ ಅಮ್ಮನ ಬೆನ್ನು ಉಜ್ಜುತ್ತಿದ್ದಳು.

*

ಕ್ಲಿನಿಕ್ಕು ಹೋಟೆಲಿನ ಹಾಗಿತ್ತು. ಒರಗು ಕುರ್ಚಿಗಳು, ಒಂದೊಂದರ ಪಕ್ಕದಲ್ಲೂ ಬಾಟಲಿ ತೂಗುಹಾಕುವ ಕಂಬಿ, ತಣ್ಣನೆಯ ಗಾಳಿ. ಪುಸ್ತಕದಲ್ಲಿ ಹೆಸರಿದ್ದ ನಾಲ್ಕಾರು ಮುದುಕರು ತೋಳಿಗೆ ಸೂಜಿ ಚುಚ್ಚಿಸಿಕೊಂಡು ಕೂತಿದ್ದರು. ಕೊಂಬೆ ಒಳಗೆ ಬಂದ ಕೂಡಲೇ ಅವರೆಲ್ಲ ಕಾಲು ಮಡಿಚಿ ದಾರಿ ಬಿಟ್ಟರು.

ನರ್ಸು ಕೆಕಾನಾ ಒಂದು ಪಾರದರ್ಶಕ ಚೀಲವನ್ನು ಕಂಬಿಗೆ ತಗುಲಿಸಿ, ಚೀಟಿ ನೋಡಿ ಕೂಗಿದಳು. “ಎರಡು ಸಾವಿರದ ಇನ್ನೂರ ಹದಿನೇಳು! ಲೆಸಿಬಾ!”

ಹುನಾಡಿಯ ಕಾಲುಗಳು ತಾವೇ ಎದ್ದವು. ಹೋಗಿ ಕಂಬಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ಕೊಂಬೆಯನ್ನು ತೊಡೆಯ ಮೇಲಿಟ್ಟು, ರವಿಕೆಯ ತೋಳು ಮಡಿಚಿ, ಕೈ ಚಾಚಿದಳು.

“ಅಮ್ಮ, ರೋಗಿ ಎಲ್ಲಿ? ನಿಮ್ಮ ಯಜಮಾನರಾ?”

ಹುನಾಡಿ ಕೊಂಬೆಯ ಕಡೆಗೆ ಬಗ್ಗಿದಳು. “ನೋಕೋ, ನಿನ್ ಕೇಳ್ತಾವ್ಳೆ. ಬಂದಿವ್ನಿ ಅನ್ನು.”

ನರ್ಸೂ ಬೆಟ್ಟದ ಕಡೆಯವಳೇ. ಒಂದು ಹೆಜ್ಜೆ ಹಿಂದೆ ಸರಿದು ಮೊಸಿಬುಡಿಯನ್ನು ನೋಡಿದಳು.

“ಅವ್ಳು ನಿಮ್ ಜೊತೆ ಮಾತಾಡಂಗಿಲ್ಲ ಮಗ,” ಎಂದಳು ಮೊಸಿಬುಡಿ. “ಖುದ್ದಾಗಿ ಬರ್ಬೇಕು ಅಂತ ಕಾಗ್ದ ಬರ್ದಿದ್ರಲ್ಲ, ಖುದ್ದಾಗೇ ಬಂದವ್ನೆ. ಚುಚ್ಚು.”

ಯಾರೋ ಮಹಡಿಗೆ ಓಡಿದರು. ಸೆಲಮೊಲೆಲಾ ಟೈ ಸರಿಮಾಡಿಕೊಳ್ಳುತ್ತಾ ಮೆಟ್ಟಿಲಿಳಿದು ಬಂದ. ಟ್ರಸ್ಟಿನ ಕಚೇರಿ ಇದ್ದದ್ದು ಅಲ್ಲೇ ಮೇಲೆ. ಅವಳನ್ನೂ, ಕಂಬಿಗೆ ತೂಗುತ್ತಿದ್ದ ಚೀಲವನ್ನೂ ನೋಡಿ ಅವನು ಹುಬ್ಬು ಗಂಟಿಕ್ಕಿದ.

“ಇದೇನು ನಾಟಕ? ಸತ್ತೋರ ಹೆಸರಲ್ಲಿ ಮದ್ದು ಹೊಡೆಯೋಕೆ ಬಂದಿದ್ದೀರಾ? ಇದಕ್ಕೆ ವಂಚನೆ ಅಂತಾರೆ. ಪೊಲೀಸರನ್ನ ಕರೆಸ್ತೀನಿ.”

ಹುನಾಡಿ ಅವನ ಕಡೆ ತಲೆಯೆತ್ತಲಿಲ್ಲ. ಕೊಂಬೆಯ ಎಲೆಯೊಂದನ್ನು ಬೆರಳಿಂದ ನೇವರಿಸಿದಳು.

“ಕೇಳಿಸ್ತಾ ನೋಕೋ? ವಂಚ್ನೆಯಂತೆ. ನಾನು ಕುಟ್ಟಿದ್ದು ನಿನ್ ನಂಬ್ರಿಗೆ ಬರ್ಕೊಂಡಾಗ ಯಾರೂ ವಂಚ್ನೆ ಅನ್ನಲಿಲ್ಲ.” ಉಸಿರು ಸಿಕ್ಕಿಕೊಂಡಿತು, ಕಾಯ್ದಳು. “ಹದ್ನಾಕು ವರ್ಸ ಎರಡ್ಸಾವ್ರದ ಇನ್ನೂರ ಹದ್ನೇಳು ಅಂದ್ರೆ ನಾನೇ ಓಡ್ತಿದ್ದೆ. ಮೂಟೆ ಕೊಡುವಾಗ ನಾನು ನೀನಾಗಿದ್ದೆ. ಮದ್ದು ಕೊಡುವಾಗ ನಾನ್ಯಾಕೆ ಬ್ಯಾರೆ ಆದೆ? ಕೇಳು ನೋಕೋ, ಈ ಹುಡ್ಗನ್ನ ಕೇಳು. ಅದೇ ಬಿಲ್ಲೆ, ಅದೇ ಕೊರ್ಳು.”

ಸೂಜಿ ಚುಚ್ಚಿಸಿಕೊಂಡಿದ್ದ ಮುದುಕನೊಬ್ಬ, “ನಿಜ ಕಣಪ್ಪ. ನನ್ ನಂಬ್ರಿಗೂ ಅರ್ಧ ನಮ್ಮವ್ಳೇ ಕುಟ್ಟಿದ್ದು. ಅವ್ಳು ಸತ್ಲು, ನಾನಿಲ್ ಕೂತಿವ್ನಿ” ಎಂದು ತಲೆ ತಗ್ಗಿಸಿದ.

“ಸರ್,” ಎಂದಳು ನರ್ಸು ಮೆಲ್ಲಗೆ, ಫೆಲಾಡಿ ಮುಂದೆ ಹಿಡಿದ ಆಸ್ಪತ್ರೆಯ ಚೀಟಿ ನೋಡಿ. “ಮದ್ದು ಬೆಳಗ್ಗೆಯೇ ಬೆರೆಸಿ ತಂದಿದ್ದಾರೆ. ಬೆರೆಸಿದ ಮೇಲೆ ಇಟ್ಟುಕೊಳ್ಳೋಕಾಗಲ್ಲ. ಇವತ್ತು ಯಾರಿಗೂ ಕೊಡದಿದ್ರೆ ಚೆಲ್ಲಬೇಕಾಗತ್ತೆ. ಅಮ್ಮನಿಗೂ ಅದೇ ರೋಗ. ಸರ್ಕಾರಿ ಆಸ್ಪತ್ರೆ ಡಾಕ್ಟರ್ ಬರೆದದ್ದೂ ಇದೇ ಮದ್ದು. ತೂಕ, ರಕ್ತ ಎಲ್ಲ ಇವತ್ತೇ ನೋಡಿ, ಇಲ್ಲಿನ ಡಾಕ್ಟರನ್ನ ಒಂದು ಮಾತು ಕೇಳಿದ್ರೆ…”

ಸೆಲಮೊಲೆಲಾ ಫೋನು ತೆಗೆದು ಮೂಲೆಗೆ ಹೋದ. ಜೋಹಾನ್ಸ್‌ಬರ್ಗಿನ ಸಾಹೇಬನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದ. ‘ಯೆಸ್ ಸರ್’ ಎಂದದ್ದು ಮಾತ್ರ ಎಲ್ಲರಿಗೂ ಅರ್ಥವಾಯಿತು. ತಿರುಗಿ ಬಂದವನು ಹುನಾಡಿಯನ್ನು ನೋಡದೆ ನರ್ಸಿಗೆ ಹೇಳಿದ.

“ಚೆಲ್ಲಿ.”

“ಸರ್…”

“ಚೆಲ್ಲಿ ಅಂದೆ. ಸಹಿ ನಾನು ಹಾಕ್ತೀನಿ.”

ನರ್ಸು ಚೀಲವನ್ನು ಕಂಬಿಯಿಂದ ಇಳಿಸಿ ಹಳದಿ ಡಬ್ಬಿಯ ಮೇಲೆ ಹಿಡಿದಳು. ಕತ್ತರಿಯಿಂದ ಅದರ ಮೂಲೆ ಕತ್ತರಿಸಿದಳು. ಹುನಾಡಿ ಚಾಚಿದ ತೋಳನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ. ಮದ್ದು ನೀರಿನ ಹಾಗಿತ್ತು, ಬಣ್ಣವಿಲ್ಲ, ವಾಸನೆಯಿಲ್ಲ. ಅದು ಸುರಿಯುವ ಸದ್ದು ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು. ಫೆಲಾಡಿ ಬಾಯಿಗೆ ಶಾಲಿನ ತುದಿ ತುರುಕಿಕೊಂಡಳು. ಮೊಸಿಬುಡಿಗೆ ಮೊಟ್ಟಮೊದಲ ಸಲ ಬೈಗುಳ ಸಿಗಲಿಲ್ಲ.

ಕೊನೆಯ ಹನಿ ಬಿದ್ದ ಮೇಲೆ ಹುನಾಡಿ ತೋಳು ಇಳಿಸಿದಳು. ಕುರ್ಚಿಯಿಂದೆದ್ದು, ಕೊಂಬೆಯನ್ನು ಅದೇ ಕುರ್ಚಿಯಲ್ಲಿ ಒರಗಿಸಿ ಕೂರಿಸಿದಳು, ಮನುಷ್ಯರನ್ನು ಕೂರಿಸುವ ಹಾಗೆ. ಬಿಲ್ಲೆಯನ್ನು ಮುಂದಕ್ಕೆ ತಿರುಗಿಸಿದಳು. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

“ನೋಕೋ, ನಾನು ಮನೆಗ್ ಹೋಯ್ತೀನಿ. ನೀನು ಏಳ್ಬ್ಯಾಡ. ಇಳಿ ಅಂತ ನಾನು ಅಂದಿಲ್ಲ. ನಿನ್ ಕರೆದೋರು ಇವ್ರು, ಇವ್ರ ಹತ್ರ ಕೂತಿರು. ಯಾರಾದ್ರೂ ಮುಟ್ಟುದ್ರೆ ಅವ್ರ ಮನೆಗ್ ಹೋಗು. ನಮ್ ಮದ್ದು ಈ ಕಂಬಿಗೆ ಬಂದ ದಿನ ನಾನು ಬತ್ತೀನಿ, ಕರ್ಕೊಂಡೋಯ್ತೀನಿ.”

ಹಿಂದಿರುಗಿ ನೋಡದೆ ನಡೆದಳು. ಸೆಲಮೊಲೆಲಾ, “ಇದನ್ನ ಎತ್ತಿ ಬಿಸಾಕ್ರೋ!” ಎಂದು ಕೂಗಿದ. ಕಾವಲಿನವನು ತನ್ನ ಬೂಟು ನೋಡಿಕೊಂಡ. ಕಸ ಗುಡಿಸುವವಳು ಪೊರಕೆಯನ್ನು ಗೋಡೆಗೆ ಆನಿಸಿ ಹೊರಗೆ ಹೋದಳು. ಸೆಲಮೊಲೆಲಾ ತಾನೇ ಬಗ್ಗಿ ಕೈ ಚಾಚಿದ. ಮುಳ್ಳಿಗೂ ಅವನ ಬೆರಳಿಗೂ ಗೇಣು ಅಂತರವಿದ್ದಾಗ ಆ ಕೈ ನಿಂತಿತು. ಅವನವ್ವನೂ ನೀಲಿ ಗುಡ್ಡೆಯ ಕೆಳಗೇ ಮಣ್ಣಾಗಿದ್ದಳು. ಅವಳ ಎದೆಯೂ ಖಾಲಿಯೇ.

*

ಮರುದಿನ ಮಧ್ಯಾಹ್ನ ಮೂರಕ್ಕೆ ಹುನಾಡಿ ಹೊಸ್ತಿಲನ್ನು ನೋಡುತ್ತಾ ಕೂತಳು. ಅಲ್ಲಿ ಬಿಸಿಲು ಮಾತ್ರ ಇತ್ತು. ಹನ್ನೊಂದು ವರ್ಷ ಹೆದರಿಸಿದವನು ಇಲ್ಲವೆಂದು ಅವಳಿಗೆ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಮನೆ ಬಣಗುಟ್ಟಿತು. ಆ ರಾತ್ರಿ ಅವಳೂ ಮಲಗಲಾರದೆ ಮಂಡಿಯೂರಿ ಮಂಚಕ್ಕೆ ಎದೆಯಾನಿಸಿದಳು.

ನಾಲ್ಕನೆಯ ದಿನ ಫೆಲಾಡಿಯ ಫೋನು ಹೊಡೆದುಕೊಂಡಿತು. ಕ್ಲಿನಿಕ್ಕಿನ ಮದ್ದಿನ ಕೋಣೆಯ ಫೋನಿನಿಂದ ಸೆಲಮೊಲೆಲಾ. ದನಿಯಲ್ಲಿ ಮೊದಲಿನ ಗತ್ತು ಇರಲಿಲ್ಲ.

“ನಿಮ್ಮಮ್ಮನಿಗೆ ಹೇಳು ತಾಯಿ, ಬಂದು ಅದನ್ನ ತಗೊಂಡು ಹೋಗಲಿ. ಆ ಕುರ್ಚೀಲಿ ಯಾರೂ ಕೂರ್ತಿಲ್ಲ. ಅದರ ಪಕ್ಕದ ಎರಡು ಕುರ್ಚೀಲೂ ಕೂರ್ತಿಲ್ಲ. ಮದ್ದಿಗೆ ಬಂದ ಮುದುಕರೆಲ್ಲ ನಿಂತೇ ಇರ್ತಾರೆ. ಮೂರು ಗಂಟೆ ಆಯ್ತು ಅಂದ್ರೆ ನರ್ಸುಗಳು ಕೋಣೆ ಬಿಟ್ಟು ಹೋಗ್ತಾರೆ.”

ಹುನಾಡಿ ಕೈ ಚಾಚಿ ಫೋನು ಇಸಿದುಕೊಂಡಳು. ಕೊಂಬೆ ಕೈಯಲ್ಲಿಲ್ಲದ ಮೇಲೆ ಈಗ ಅವಳು ಯಾರ ಜೊತೆ ಬೇಕಾದರೂ ಮಾತಾಡಬಹುದಿತ್ತು.

“ಮದ್ದು ಬೆರ್ಸಿದಿಯೇನಪ್ಪ?”

“ಅದಕ್ಕೆ ಸಾಹೇಬ್ರನ್ನ ಕೇಳಬೇಕು ಅಜ್ಜಿ.”

“ಹುನಾಡಿ ಅಂತ ಬರ್ದು ಬೆರ್ಸಿದಿಯಾ?”

ಫೋನಿನಲ್ಲಿ, ಅವನ ಹಿಂದೆಲ್ಲೋ ಗಡಿಯಾರ ಮೂರು ಹೊಡೆಯಿತು. ಬಾಗಿಲು ಧಡ್ಡನೆ ಮುಚ್ಚಿತು, ದಡದಡನೆ ಹೆಜ್ಜೆಗಳು ದೂರ ಓಡಿದವು. ಫೋನು ಯಾರೂ ಇಡಲಿಲ್ಲ. ಆಮೇಲೆ ಉಸಿರಾಟದ ಸದ್ದು ಬರತೊಡಗಿತು, ತೀರ ಹತ್ತಿರದಿಂದ, ಬಹಳ ದಿನಗಳಿಂದ ಗಾಳಿಯನ್ನೇ ಕಾಣದವನು ಎಳೆದುಕೊಳ್ಳುವ ಹಾಗೆ.

“ಹು…” ಎಂದಿತು.

ಹುನಾಡಿ ಫೋನನ್ನು ಕಿವಿಗೆ ಒತ್ತಿ ಹಿಡಿದು, ತನ್ನ ಉಸಿರನ್ನು ಬಿಗಿಹಿಡಿದು, ಉಳಿದರ್ಧ ಹೆಸರಿಗಾಗಿ ಕಾದಳು.